ಗೀತನಾಟಕಕ್ಕೆ ಒಪ್ಪಿಗೆ

ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ದೇವಸ್ಥಾನದ ಜಗುಲಿಯ ಮೇಲೆ ‘ಕುರುಕ್ಷೇತ್ರ’ದ ಕಂದಪದ್ಯಗಳನ್ನು ಕಲಿತು, ಬಾಡಿಗೆಯ ಸೀನರಿ ಕಟ್ಟಿಸಿ ಬೆಳಗಿನ ಜಾವದವರೆಗೆ ಆಡುವ ಸಂಪ್ರದಾಯದಲ್ಲಿ ಬೆಳೆದವನು ನಾನು. ಅಲ್ಲಿ ನಾಟಕವು ಮೇಷ್ಟರ ಕೈಬರಹದ ಪುಸ್ತಕದಲ್ಲಿರುತ್ತದೆ. ಬರೆದವರಾರು, ಮಟ್ಟು ಹಾಕಿದವರಾರು ಎಂಬ ಪ್ರಶ್ನೆಯೇ ಉದ್ಭವಿಸದು. ಆದುದರಿಂದ ರಾಮನಗರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದ ನಾನು ವಾರ್ಷಿಕೋತ್ಸವಕ್ಕೆಂದು ಗೀತನಾಟಕವೊಂದನ್ನು ಆರಿಸಹೊರಟಾಗ, ಮುಖ್ಯೋಪಾಧ್ಯಾಯಿನಿಯವರು “ಮೇಷ್ಟ್ರೇ, ಕವಿಗಳ ಕಡೆಯವರನ್ನು ಒಂದು ಮಾತು ಕೇಳಬೇಡವೇ?” ಎಂದುದು ನನಗೆ ತೀರ ಹೊಸ ಮಾತಾಗಿ ಕೇಳಿಸಿತು.

ಶಾಲೆಗಳ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಅಧಿನಿಯಮ ಉದಾರವಾಗಿದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಶಾಲೆಯ ಚಟುವಟಿಕೆಯಾಗಿ ಆಡಿ, ಅವರೂ ಮಕ್ಕಳ ತಂದೆತಾಯಿಗಳೂ ಸಂಸ್ಥೆಗೆ ಸಂಬಂಧಪಟ್ಟವರೂ ಮಾತ್ರ ನೋಡುವ ಪ್ರಯೋಗವನ್ನು ಅದರ 52ನೆಯ ಪ್ರಕರಣವು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಆದರೆ ಊರಿಗೆಲ್ಲ ಟಿಕೆಟು ಮಾರಿದಾಗ, ಕವನವನ್ನು ನಾವೇ ನಾಟಕವಾಗಿ ಮಾರ್ಪಡಿಸಿದಾಗ, ವಿಡಿಯೋ ತೆಗೆದು ಯೂಟ್ಯೂಬಿಗೆ ಹಾಕಿದಾಗ ಆ ಆಶ್ರಯವನ್ನು ನೆಚ್ಚಿ ಕೂರುವಂತಿಲ್ಲ.

ನನ್ನ ಮನಸ್ಸು ಮೊದಲು ಹೋದುದು ಬಿ. ವಿ. ಕಾರಂತರ ‘ಪಂಜರಶಾಲೆ’ಯ ಕಡೆಗೆ. ಅದಕ್ಕೆ ಆಧಾರ ರವೀಂದ್ರನಾಥ ಠಾಕೂರರ ಗಿಳಿಯ ಕಥೆ. ಠಾಕೂರರು 1941ರಲ್ಲಿ ತೀರಿಕೊಂಡುದರಿಂದ, ಕೃತಿಸ್ವಾಮ್ಯ ಉಳಿಯುವ ಮರಣೋತ್ತರದ 60 ವರ್ಷಗಳು 2001ರ ಕೊನೆಗೆ ಮುಗಿದು ಆ ಕಥೆ ಸರ್ವರ ಸೊತ್ತಾಗಿದೆ. ಕಾರಂತರು ನಿಧನರಾದುದು 2002ರಲ್ಲಿ. ಕಥೆ ಮುಕ್ತವಾದರೂ ಅವರು ಅದರಿಂದ ಕಟ್ಟಿದ ನಾಟಕ 2062ರ ಕೊನೆಯವರೆಗೆ ಮುಕ್ತವಲ್ಲ. ಇದೇ ಲೆಕ್ಕದಲ್ಲಿ, 1946ರಲ್ಲಿ ಗತಿಸಿದ ಕೈಲಾಸಂ ಅವರ ನಾಟಕಗಳನ್ನು ಇಂದು ಯಾರು ಬೇಕಾದರೂ ಆಡಬಹುದು. 1994ರಲ್ಲಿ ನಮ್ಮನ್ನಗಲಿದ ಕುವೆಂಪು ಅವರ ‘ಕಿಂದರಿಜೋಗಿ’ಗೆ 2054ರವರೆಗೂ, 1998ರಲ್ಲಿ ತೀರಿಕೊಂಡ ಪು. ತಿ. ನ. ಅವರ ‘ಗೋಕುಲ ನಿರ್ಗಮನ’ಕ್ಕೆ 2058ರವರೆಗೂ ಹಕ್ಕುದಾರರುಂಟು.

ಗೀತನಾಟಕದಲ್ಲಿ ಇನ್ನೂ ಒಂದು ತೊಡಕಿದೆ. ಸಾಹಿತ್ಯ ಒಬ್ಬರದು, ಮಟ್ಟು ಮತ್ತೊಬ್ಬರದು, ಕ್ಯಾಸೆಟ್ಟಿನ ಧ್ವನಿಮುದ್ರಣ ಯಾವುದೋ ಕಂಪನಿಯದು. ಮೂರಕ್ಕೂ ಬೇರೆಬೇರೆ ಸ್ವಾಮ್ಯ. ಶಾಲೆಯ ಗ್ರಂಥಾಲಯದ ಸಹಾಯಾರ್ಥ ಚನ್ನಪಟ್ಟಣದಲ್ಲಿ ಟಿಕೆಟಿಟ್ಟು ಆಡಬೇಕೆಂದು ನಿಶ್ಚಯವಾದಾಗ, ನಾವು ಕಟ್ಟಕಡೆಗೆ ಆರಿಸಿಕೊಂಡ ನಾಟಕದ ದಿವಂಗತ ಕವಿಯ ವಾರಸುದಾರರಿಗೆ ನಾನು ಪತ್ರ ಬರೆದೆ: ಆಡುವ ಸ್ಥಳ, ದಿನ, ಆಸನಗಳ ಸಂಖ್ಯೆ, ಟಿಕೆಟಿನ ದರ, ಸಂಗ್ರಹವಾದ ಹಣದ ವಿನಿಯೋಗ, ಚಿತ್ರೀಕರಣ ಉಂಟೇ ಇಲ್ಲವೇ ಎಂಬುದೆಲ್ಲವನ್ನೂ ಅದರಲ್ಲಿ ವಿವರಿಸಿದ್ದೆ. ಸಂಭಾವನೆ ಬೇಡ, ಕವಿಯ ಹೆಸರು ಆಹ್ವಾನಪತ್ರಿಕೆಯಲ್ಲಿರಲಿ, ಪದಗಳನ್ನು ಬದಲಿಸಬಾರದು, ಮರುಪ್ರಯೋಗಕ್ಕೆ ಮತ್ತೆ ಕೇಳಬೇಕು ಎಂದು ಅವರ ಉತ್ತರ ಬಂದಿತು. ಅಷ್ಟು ವಿಶ್ವಾಸದ ಪತ್ರವನ್ನು ಓದಿದಾಗ ನನ್ನ ಮನಸ್ಸು ತುಂಬಿಬಂದಿತು.

ಹಳೆಯ ಮಟ್ಟುಗಳ ಹಕ್ಕುದಾರರು ಪತ್ತೆಯಾಗದ ಕಾರಣ ಮಾಗಡಿ ಕಡೆಯ ಹಾರ್ಮೋನಿಯಂ ಮೇಷ್ಟರೊಬ್ಬರಿಂದ ಹೊಸ ಮಟ್ಟು ಹಾಕಿಸಿದೆವು. ಒಂದು ಹಾಡಿನ ಸಾಲು ಅವರ ಆದಿತಾಳಕ್ಕೆ ಕೂರದೆ ಕೊನೆಯಲ್ಲಿ ಎಡವುತ್ತಿತ್ತು. ಒಂದು ವಿಶೇಷಣವನ್ನು ಕೈಬಿಟ್ಟರೆ ಸಾಕಲ್ಲವೇ ಎಂದು ನಾನು ಕೇಳಿದಾಗ ಅವರು, “ಪದ ಮುಟ್ಟಬ್ಯಾಡಿ ಸ್ವಾಮಿ, ತಾಳ ನಾನು ಸರಿಮಾಡ್ಕೋತೀನಿ” ಎಂದು ಹಾರ್ಮೋನಿಯಂ ಮುಚ್ಚಿ, ತೊಡೆಯ ಮೇಲೆ ಬೆರಳು ತಟ್ಟುತ್ತ ಮಕ್ಕಳಿಂದ ಆ ಸಾಲನ್ನು ಬರಿದೇ ಓದಿಸಿದರು. ಐದೈದು ಮಾತ್ರೆಯ ಗಣಗಳು ತಾವಾಗಿಯೇ ಕೇಳಿಸಿದುವು. ಹಾಡು ಖಂಡಛಾಪಿಗೆ ತಿರುಗಿತು, ಒಂದಕ್ಷರವೂ ಚ್ಯುತಿಗೊಳ್ಳಲಿಲ್ಲ. ವಾರಸುದಾರರ ನಿಬಂಧನೆಯಿಂದ ಹಾಡಿಗೆ ಒಳ್ಳೆಯದೇ ಆಯಿತೆಂಬುದು ನನ್ನ ದೃಢವಾದ ನಂಬಿಕೆ.

ಮಟ್ಟು ಮೇಷ್ಟರದೇ ಎಂಬುದನ್ನೂ ನಮಗೆ ಆಡುವ ಒಪ್ಪಿಗೆಯಿದೆ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಪಡೆದೆವು. ಆಹ್ವಾನಪತ್ರಿಕೆಯಲ್ಲಿ ಕವಿಯ ಹೆಸರಿನ ಕೆಳಗೆ ಅವರ ಹೆಸರೂ ಅಚ್ಚಾಯಿತು. ಮುಂದಿನ ವರ್ಷ ಕನಕಪುರದ ಅಧ್ಯಾಪಕರೊಬ್ಬರು ನಮ್ಮ ನಾಟಕದ ಪ್ರತಿಯನ್ನೂ ಮಟ್ಟುಗಳನ್ನೂ ಕೇಳಿಕೊಂಡು ಬಂದಾಗ, ನಾನು ಅವರಿಗೆ ಕೊಟ್ಟುದು ವಾರಸುದಾರರ ವಿಳಾಸ, ಮೇಷ್ಟರ ಫೋನ್ ನಂಬರು ಮತ್ತು ನಾವು ಬರೆದಿದ್ದ ಪತ್ರದ ನಕಲು.