ಪಿಯುಸಿ ನಂತರ ಜಪಾನಿ

ತಂಗಿ, ಕತ್ತಲಗೆರೆಯಿಂದ ಜಪಾನಿ ಓದಲು ಹೊರಡುವುದು ಹುಚ್ಚಾಟವೇನಲ್ಲ. ಕನ್ನಡ ಬಲ್ಲವರಿಗೆ ವ್ಯಾಕರಣ ಅಷ್ಟು ಕಾಡುವುದಿಲ್ಲ: ಅಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ, ನಮ್ಮ ವಿಭಕ್ತಿಗಳಂಥ ಪ್ರತ್ಯಯಗಳು ನಾಮಪದದ ಬೆನ್ನಿಗೇ ಬರುತ್ತವೆ. ಬೆವರಿಳಿಸುವುದು ಕಾಂಜಿ ಲಿಪಿ. ನಿತ್ಯಬಳಕೆಯ ಪಟ್ಟಿಯಲ್ಲೇ 2,136 ಅಕ್ಷರಗಳಿವೆ. ಮೊಬೈಲ್ ಬಿಟ್ಟು ಕೈಯಲ್ಲೇ ಬರೆದು ಕಲಿ.

ಕೆಲಸಕ್ಕಷ್ಟೇ ಆದರೆ ಬೇರೆ ಪದವಿ ಓದುತ್ತಲೇ ಬೆಂಗಳೂರಿನಲ್ಲಿ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿ ಕಟ್ಟು. ಎನ್‌2 ಹಂತಕ್ಕಿಂತ ಕೆಳಗೆ ನಿಲ್ಲಬೇಡ. ಸಾಹಿತ್ಯ, ಸಂಸ್ಕೃತಿ ಬೇಕೆಂದರೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ದೆಹಲಿಯ ಜೆಎನ್‌ಯು ಬಿ.ಎ.ಗೆ ಪ್ರಯತ್ನಿಸು. ಶಾಂತಿನಿಕೇತನದ ವಿಶ್ವಭಾರತಿಯೂ ಇದೆ.

ಖರ್ಚಿನ ಚಿಂತೆಯಲ್ಲಿರುವ ಅಪ್ಪಾಜಿಗೆ ಇದನ್ನು ತಿಳಿಸು: ಜಪಾನಿಯಲ್ಲೇ ಪದವಿ ಓದುತ್ತಿರುವವರಿಗೆ ಜಪಾನಿನ ವಿಶ್ವವಿದ್ಯಾಲಯದಲ್ಲಿ ಸುಮಾರು ಒಂದು ವರ್ಷ ಭಾಷೆ, ಸಂಸ್ಕೃತಿ ಕಲಿಯಲು ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನವಿದೆ.