ಬಿಜು ಅವರ ಮಗ ನವೀನ್

ಅಪ್ಪ ಮಂತ್ರಿಯಾದರೆ ಮಗನೂ ಮಂತ್ರಿ ಅಂತ ಊರ ಕಟ್ಟೆಯ ಮೇಲೆ ಹೇಳ್ತಾರೆ. ಅದು ಎಷ್ಟು ನಿಜ ಎಂದು ತಿಳಿಯಲು ನಾನು ಒಡಿಶಾದ ನವೀನ್ ಪಟ್ನಾಯಕರನ್ನು ಆರಿಸಿಕೊಂಡಿದ್ದೇನೆ.

ತಂದೆ ಬಿಜು ಪಟ್ನಾಯಕರು ಎರಡು ಸಲ ಮುಖ್ಯಮಂತ್ರಿ. ವಿಮಾನ ಹಾರಿಸುವುದರಲ್ಲೂ ಗಟ್ಟಿಗರು. 1997ರಲ್ಲಿ ಅವರು ತೀರಿಕೊಂಡಾಗ ಮಗನಿಗೆ 50 ವರ್ಷ. ಅಲ್ಲಿಯವರೆಗೆ ನವೀನ್ ರಾಜಕೀಯಕ್ಕೆ ಬಂದವರೇ ಅಲ್ಲ, ಪುಸ್ತಕ ಬರೆದುಕೊಂಡಿದ್ದರು. ಒಡಿಯಾ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ! ಭಾಷಣವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿಕೊಂಡು ಓದುತ್ತಿದ್ದರು. ಆದರೂ ಅಪ್ಪನ ಆಸ್ಕಾ ಕ್ಷೇತ್ರದಲ್ಲಿ ಗೆದ್ದರು. ಹೊಸ ಪಕ್ಷಕ್ಕೆ ಬಿಜು ಜನತಾ ದಳ ಎಂದೇ ಹೆಸರಿಟ್ಟರು. ಇಷ್ಟೆಲ್ಲ ಅಪ್ಪನ ಗಳಿಕೆ ಎಂದೇ ನಾನು ಹೇಳುವೆ.

ಮುಂದಿನದು ಹಾಗಲ್ಲ. 1999ರ ಅಕ್ಟೋಬರ್‌ನಲ್ಲಿ ಬೀಸಿದ ಚಂಡಮಾರುತಕ್ಕೆ ಅಲ್ಲಿ ಸುಮಾರು 10,000 ಜನ ಸತ್ತರು. 2000ದ ಮಾರ್ಚ್‌ನಲ್ಲಿ ನವೀನ್ ಮುಖ್ಯಮಂತ್ರಿಯಾದರು. ಅವರ ಕಾಲದಲ್ಲಿ ಕರಾವಳಿಯಲ್ಲಿ ಎತ್ತರದ ಆಶ್ರಯ ಕಟ್ಟಡಗಳು ಎದ್ದವು. ಗಾಳಿ ಇಲ್ಲದ ದಿನ ಅವುಗಳಲ್ಲಿ ಕೆಲವು ನಮ್ಮಂಥ ಮಕ್ಕಳ ಶಾಲೆ! 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಿದರು. ಸತ್ತವರು ನೂರಕ್ಕೂ ಕಡಿಮೆ. ಈ ಲೆಕ್ಕ ನೋಡಿದಾಗ ನನಗೆ ಬಹಳ ಆಶ್ಚರ್ಯವಾಯಿತು.

ಸತತ 5 ಸಲ ಗೆದ್ದು 24 ವರ್ಷ ಆಳಿದರು. 2024ರ ಚುನಾವಣೆಯಲ್ಲಿ ಎದುರಾಳಿಗಳು ಒಡಿಯಾ ಅಸ್ಮಿತೆಯ ಮಾತೆತ್ತಿದರು. ಪಕ್ಷ ಸೋತಿತು. ಎರಡು ಕಡೆ ನಿಂತಿದ್ದ ನವೀನ್ ಹಿಂಜಿಲಿಯಲ್ಲಿ ಗೆದ್ದು ಕಾಂಟಾಬಾಂಜಿಯಲ್ಲಿ ಸೋತರು.