ಕಾಲು ಉಳುಕಿದರೆ ಮೊದಲ ಎರಡು ದಿನ ಏನು ಮಾಡಬೇಕು?

ಕೊಡಗು ಆಟದ ಜಿಲ್ಲೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರಲ್ಲಿ 360 ತಂಡಗಳು ಆಡಿದವು. ನಮ್ಮ ಕಾಲೇಜಿನಲ್ಲೂ ಹಾಕಿ, ಫುಟ್‌ಬಾಲ್, ವಾಲಿಬಾಲ್ ಆಡುವವರು ಬಹಳ. ಆಟ ಇದ್ದಲ್ಲಿ ಗಾಯವೂ ಇರುತ್ತದೆ. ಅದರಲ್ಲಿ ತುಂಬಾ ಸಾಮಾನ್ಯವಾದದ್ದು ಕಾಲು ಉಳುಕುವುದು. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ 'ಮೋಚ್' ಎನ್ನುತ್ತೇವೆ.

ಉಳುಕು ಎಂದರೇನು? ಪಾದದ ಕೀಲಿನಲ್ಲಿ ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳಿಗೆ ಲಿಗಮೆಂಟ್ ಎನ್ನುತ್ತಾರೆ. ಒದ್ದೆ ಮೈದಾನದಲ್ಲಿ ಪಾದ ಒಳಕ್ಕೆ ಮಡಚಿದಾಗ ಹೊರಬದಿಯ ಲಿಗಮೆಂಟ್ ಎಳೆಯುತ್ತದೆ ಅಥವಾ ಸ್ವಲ್ಪ ಹರಿಯುತ್ತದೆ. ಒಳಗೆ ರಕ್ತ ಒಸರಿ ಊತ ಬರುತ್ತದೆ.

ಮೊದಲ ಎರಡು ದಿನ:
1. ಆಟ ನಿಲ್ಲಿಸಿ. 'ಇನ್ನು ಹತ್ತೇ ನಿಮಿಷ' ಎಂದು ಆಡಿದರೆ ಹರಿದದ್ದು ಇನ್ನಷ್ಟು ಹರಿಯುತ್ತದೆ.
2. ಐಸನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಿ. ಬರಿ ಚರ್ಮಕ್ಕೆ ಇಡಬೇಡಿ. ಐಸ್ ನೋವು ತಗ್ಗಿಸುತ್ತದೆ, ಲಿಗಮೆಂಟನ್ನು ಕೂಡಿಸುವುದಿಲ್ಲ.
3. ಕ್ರೇಪ್ ಬ್ಯಾಂಡೇಜ್ ಕಟ್ಟಿ. ಬೆರಳು ಜೋಮು ಹಿಡಿದರೆ ಅಥವಾ ನೀಲಿಯಾದರೆ ಸಡಿಲಿಸಿ.
4. ಮಲಗಿ, ದಿಂಬಿನ ಮೇಲೆ ಕಾಲನ್ನು ಎದೆಗಿಂತ ಎತ್ತರದಲ್ಲಿಡಿ.

ನಮ್ಮ ಮನೆಗಳಲ್ಲಿ ತಕ್ಷಣ ಬಿಸಿನೀರು ಹಾಕಿ, ಎಣ್ಣೆ ಹಚ್ಚಿ ಜೋರಾಗಿ ತಿಕ್ಕುತ್ತಾರೆ. ಹಿರಿಯರ ಪ್ರೀತಿ ದೊಡ್ಡದು, ಆದರೆ ಹೊಸ ಗಾಯಕ್ಕೆ ಬಿಸಿ ಮತ್ತು ತಿಕ್ಕಾಟದಿಂದ ಊತ ಹೆಚ್ಚಬಹುದು. ಎರಡು ದಿನವಾದರೂ ತಡೆಯಿರಿ ಎಂದು ವಿನಯದಿಂದ ಹೇಳಿ.

ಇದು ಉಳುಕೋ, ಮೂಳೆ ಮುರಿತವೋ? ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಎರಡು ಮುಖ್ಯ ಪ್ರಶ್ನೆಗಳಿವೆ. ನಾಲ್ಕು ಹೆಜ್ಜೆ ನಡೆಯಲು ಆಗುತ್ತದೆಯೇ? ಕೀಲಿನ ಎರಡು ಬದಿಯಲ್ಲಿ ಉಬ್ಬಿರುವ ಮೂಳೆಯ ತುದಿ ಅಥವಾ ಹಿಂಬದಿ ಒತ್ತಿದರೆ ನೋಯುತ್ತದೆಯೇ? ನಡೆಯಲು ಆಗದಿದ್ದರೆ, ಅಥವಾ ಮೂಳೆ ಒತ್ತಿದಾಗ ನೋವಿದ್ದರೆ, ಎಕ್ಸ್-ರೇ ಬೇಕಾಗಬಹುದು. ಕಾಲಿನ ಆಕಾರ ಬದಲಾದರೆ ಅಥವಾ ಸ್ಪರ್ಶ ತಿಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ವಾರಗಟ್ಟಲೆ ಮಲಗಿರುವುದೂ ತಪ್ಪು. ನೋವು ಇಳಿದಂತೆ ಪಾದವನ್ನು ಮೇಲೆ ಕೆಳಗೆ ಆಡಿಸಿ, ನಿಧಾನವಾಗಿ ಭಾರ ಹಾಕಿ. ಬಳಿಕ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿ. ಕೀಲಿಗೆ ಸಮತೋಲನ ಮರಳದೆ ಮೈದಾನಕ್ಕೆ ಇಳಿದರೆ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದೆ. ನೋವಿಲ್ಲದೆ ಓಡಲು, ಜಿಗಿಯಲು, ತಟ್ಟನೆ ತಿರುಗಲು ಬಂದ ಮೇಲಷ್ಟೇ ಪಂದ್ಯ ಆಡಿ.

ತಂಡದ ನಾಯಕರಲ್ಲಿ ಒಂದು ವಿನಂತಿ: ಕುಂಟುತ್ತಿರುವ ಗೆಳೆಯನನ್ನು 'ಆಡ್ತೀಯಾ?' ಎಂದು ಕೇಳಬೇಡಿ. ಅವನು ಆಡುತ್ತೇನೆ ಎಂದೇ ಹೇಳುತ್ತಾನೆ. ನೀವೇ ಹೊರಗೆ ಕೂರಿಸಿ. ಇವತ್ತು ಒಂದು ಪಂದ್ಯ ಬಿಟ್ಟರೆ ಇಡೀ ಋತು ಉಳಿಯಬಹುದು.